ತಾನಾಗಿ ತಿರುಗುತ್ತಿದ್ದ ದೋಣಿ

1944ರ ಮಳೆಗಾಲದಲ್ಲಿ ನಾನು ದೇವನಹಳ್ಳಿ ತಾಲ್ಲೂಕಿನಲ್ಲಿ ಕೆರೆ ದುರಸ್ತಿಯ ಓವರ್‌ಸೀಯರ್ ಆಗಿದ್ದೆ. ಆವತಿಯ ಆಚೆ ಒಂದು ಕೆರೆ ತುಂಬಿ ಕೋಡಿ ಹರಿದಿತ್ತು. ಗದ್ದೆಗೆ ನೀರು ಬಿಡುವ ತೂಬಿನ ಕಲ್ಲುಕಂಬ ನೀರಿನ ನಡುವೆ ಇತ್ತು. ಅಲ್ಲಿಗೆ ಹೋಗಲು ದೋಣಿಯೇ ಬೇಕು.

ಇದ್ದದ್ದು ಒಂದೇ. ಹಲಸಿನ ಹಲಗೆಯದು, ಹದಿನಾಲ್ಕು ಅಡಿ ಉದ್ದ. ಒಂಬತ್ತು ವರ್ಷದಿಂದ ಏರಿಯ ಪಕ್ಕ ಬೋರಲು ಬಿದ್ದಿತ್ತು. ತೂಬು ನೋಡಿಕೊಳ್ಳುವ ನೀರುಗಂಟಿ ಮುನಿಯಪ್ಪನ ಅಣ್ಣ ಅದರಲ್ಲಿ ಹೋದವನು ಹಿಂದಿರುಗಿರಲಿಲ್ಲ. ಖಾಲಿ ದೋಣಿ ಏರಿಯ ಉತ್ತರದ ಮೂಲೆಗೆ ತಾಗಿ ನಿಂತಿತ್ತಂತೆ. ಹೆಣ ಸಿಗಲಿಲ್ಲ. ಕುಡಿದು ಬಿದ್ದ ಎಂದು ಊರು ತೀರ್ಮಾನಿಸಿತ್ತು.

ಗಾಡಿ ಮಾಡುವ ಬಡಗಿ ಲಿಂಗಾಚಾರಿಯನ್ನು ಕರೆಸಿದೆ. ಆತ ಅದುವರೆಗೆ ದೋಣಿ ಮುಟ್ಟಿದವನಲ್ಲ. ಕೊಳೆತ ಮೂರು ಹಲಗೆ ಬದಲಿಸಿ, ಸಂದಿಗೆ ಸೆಣಬಿನ ನಾರು ತುರುಕಿ, ಡಾಂಬರು ಬಳಿದ. ಆರನೇ ದಿನ ನೀರಿಗಿಳಿಸಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ಹುಟ್ಟು ಎತ್ತಿದ ಕೂಡಲೇ ದೋಣಿ ಮೆಲ್ಲಗೆ ತಿರುಗಿ ಉತ್ತರದ ಮೂಲೆಗೆ ಹೊರಟಿತು. ಗಾಳಿ ಇರಲಿಲ್ಲ.

“ನಮ್ಮಣ್ಣ ಕರೀತಾವ್ನೆ ಸ್ವಾಮಿ,” ಎಂದ ಮುನಿಯಪ್ಪ.

ನಾನು ದಿನಚರಿಯಲ್ಲಿ ‘ದೋಣಿಯ ಅಡಿ ಸೊಟ್ಟ’ ಎಂದು ಬರೆದೆ. ಲಿಂಗಾಚಾರಿಯಿಂದ ಅಡಿಹಲಗೆ ಬಿಚ್ಚಿಸಿ ಮತ್ತೆ ಹೊಡೆಸಿದೆ. ಎರಡು ದಿನ ಹೋಯಿತು. ದೋಣಿ ಮತ್ತೆ ಅಲ್ಲಿಗೇ ಹೊರಟಿತು. ಇನ್ನೊಮ್ಮೆ ಬಿಚ್ಚು ಎಂದಾಗ ಆತ ಉಳಿ ಕೆಳಗಿಟ್ಟು, ಒಂದು ಹಿಡಿ ಮರದ ಚಕ್ಕೆ ನೀರಿಗೆ ಎಸೆದ. ಚಕ್ಕೆಗಳು ಒಂದರ ಹಿಂದೊಂದು ಅದೇ ಮೂಲೆಗೆ ಸಾಗಿದವು.

“ಇವನ್ನೂ ನಾನೇ ಸೊಟ್ಟಗೆ ಕೆತ್ತಿದ್ನಾ ಸ್ವಾಮಿ?”

ದೋಣಿಯಲ್ಲ, ನೀರೇ ಆ ಮೂಲೆಗೆ ಹರಿಯುತ್ತಿತ್ತು. ಅಲ್ಲಿ ಏರಿಯ ಹಿಂಬದಿಗೆ ಓಡಿದೆ. ಬುಡದಲ್ಲಿ ಕೆಂಪು ನೀರು ಒಸರುತ್ತಿತ್ತು. ಏರಿಯ ಮಣ್ಣು ಒಳಗೊಳಗೇ ಕೊಚ್ಚಿಹೋಗುತ್ತಿದೆ ಎಂದರ್ಥ. ಕೆಳಗೇ ಮನೆಗಳು. ಅವನ್ನು ಖಾಲಿ ಮಾಡಿಸಿ, ಅದೇ ದೋಣಿಯಲ್ಲಿ ಜೇಡಿಮಣ್ಣಿನ ಚೀಲಗಳನ್ನು ಸಾಗಿಸಿ ಆ ಮೂಲೆಯಲ್ಲಿ ಮುಳುಗಿಸಿದೆವು. ಸಂಜೆಗೆ ಒಸರು ನಿಂತಿತು. ದೋಣಿಯೂ ನಿಂತಲ್ಲೇ ನಿಂತಿತು.

ಬೇಸಿಗೆಯಲ್ಲಿ ಕೆರೆ ಇಳಿದಾಗ ಅಲ್ಲಿ ಅಗೆಸಿದೆ. ಯಾವ ಕಾಲದಲ್ಲೋ ಮುಚ್ಚಿದ್ದ ಹಳೆಯ ತೂಬಿನ ಬಾಯಿ ಕಂಡಿತು. ಒಳಗೆ ಮೂಳೆಗಳು, ಒಂದು ಬೆಳ್ಳಿ ಉಡಿದಾರ, ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿ. ಮುನಿಯಪ್ಪ ಅಣ್ಣನ ಉಡಿದಾರವನ್ನು ಗುರುತಿಸಿ ಪಂಚೆಯಲ್ಲಿ ಒರೆಸಿದ.

“ಕುಡ್ದಿರ್ಲಿಲ್ಲ ಸ್ವಾಮಿ. ತೂತು ಮುಚ್ಚಕ್ಕೆ ಹೋಗಿದ್ದ.”

ದಿನಚರಿಯಲ್ಲಿ ‘ದೋಣಿಯ ಅಡಿ ಸೊಟ್ಟ’ ಎಂಬ ಸಾಲನ್ನು ಹೊಡೆದುಹಾಕಿದೆ. ಮುಂದೆ ಯಾವ ಕೆರೆಗೆ ಹೋದರೂ, ಕೆಲಸಗಾರನ ತಪ್ಪು ಹುಡುಕುವ ಮೊದಲು ಒಂದು ಹಿಡಿ ಚಕ್ಕೆ ಎಸೆದು ನೀರನ್ನು ನೋಡುತ್ತಿದ್ದೆ. ಈ ಕೆರೆಯ ವರದಿಯಲ್ಲಿ ಕಾರಣ ಎಂಬಲ್ಲಿ ‘ಹಳೆ ತೂಬಿನ ಸೆಳೆತ’ ಎಂದು ಬರೆದೆ. ಅಣ್ಣ ಕರೆಯುತ್ತಿದ್ದಾನೆ ಎಂದು ಮುನಿಯಪ್ಪ ಹೇಳಿದ್ದನ್ನು ಬರೆಯಲಿಲ್ಲ. ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ.