ಹೌದಾ ಅಕ್ಕ ಓದಿದ ಐದು ಪುಸ್ತಕಗಳು

ನಮ್ಮ ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಹೊಸದಾಗಿ ಸೇರಿದವರೂ ಎರಡನೇ ದಿನಕ್ಕೇ ‘ಹೌದಾ ಅಕ್ಕ’ ಅನ್ನತೊಡಗುತ್ತಿದ್ದರು. ನೀವು ಏನೇ ಹೇಳಿ, ಅಕ್ಕ ಕನ್ನಡಕದ ಮೇಲಿಂದ ನೋಡಿ “ಹೌದಾ?” ಅನ್ನುತ್ತಿದ್ದರು. ತಲೆನೋವು ಅಂತ ರಜೆ ಕೇಳಿದರೂ ಅಷ್ಟೇ, ತಮ್ಮನಿಗೆ ಮಗು ಹುಟ್ಟಿತು ಅಂದರೂ ಅಷ್ಟೇ.

ಲಿಫ್ಟ್ ಕೆಟ್ಟರೆ ಜನ ಫೋನ್ ಮಾಡುವ ಜಾಗ ನಮ್ಮದು. ಕಿಟಕಿಯಿಲ್ಲದ ಕೋಣೆ, ಐದು ಕುರ್ಚಿ, ಐದು ಹೆಂಗಸರು, ಮೂಲೆಯಲ್ಲಿ ಮ್ಯಾನೇಜರ್ ಕೂರುವ ಗಾಜಿನ ಗೂಡು. ನನ್ನದು ಅಕ್ಕನ ಪಕ್ಕದ ಕುರ್ಚಿ. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವವರೆಗೆ ಒಳಗೆ ಸಿಕ್ಕಿಕೊಂಡವರನ್ನು ಮಾತಾಡಿಸುತ್ತಾ ಇರಬೇಕು. ಇಪ್ಪತ್ತೆರಡು ವರ್ಷದಿಂದ ಅಕ್ಕನಿಗೆ ಅದೇ ಕೆಲಸ. ಒಮ್ಮೆ ಒಬ್ಬಾತ, ತಾನು ಆರಾಮಾಗಿದ್ದೇನೆ, ಅವಸರವಿಲ್ಲ ಅಂದ. ಅಕ್ಕ “ಹೌದಾ?” ಅಂದರು. ಅಷ್ಟಕ್ಕೇ ಆ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

“ಅಳಿ, ಪರವಾಗಿಲ್ಲ. ನಾನೆಲ್ಲೂ ಹೋಗಲ್ಲ,” ಅಂದರು ಅಕ್ಕ.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ಬಂದ ವಾರಕ್ಕೇ ನೀರಿನ ಫಿಲ್ಟರ್ ಪಕ್ಕ ಒಂದು ಸಣ್ಣ ಕಪಾಟು ಕೂತಿತು. ಅದರಲ್ಲಿ ಐದು ಪುಸ್ತಕ. ತಂತ್ರಜ್ಞಾನ ಎತ್ತ ಸಾಗುತ್ತಿದೆ ಅನ್ನುವುದೊಂದು, ಯಂತ್ರಗಳಿಗೂ ನೀತಿ ಬೇಕೇ ಅನ್ನುವುದೊಂದು, ಇನ್ನೊಬ್ಬರ ನೋವನ್ನು ಅರಿಯುವುದು ಹೇಗೆ ಅಂತ ಒಂದು, ಹೊಸ ಬಗೆಯ ನಾಯಕತ್ವದ ಮೇಲೆ ಎರಡು. ಮೇಲೊಂದು ಚೀಟಿ: ‘ನನ್ನನ್ನು ಬದಲಾಯಿಸಿದ ಪುಸ್ತಕಗಳು. ನೀವೂ ಓದಿ.’ ಅದೇ ವಾರ ನಮ್ಮ ಕರೆಗಳನ್ನೆಲ್ಲ ರೆಕಾರ್ಡ್ ಮಾಡಲು ಶುರುಮಾಡಿದರು. ತರಬೇತಿಗೆ ಅಂದರು. ಯಾರ ತರಬೇತಿಗೆ ಅಂತ ಹೇಳಲಿಲ್ಲ.

“ಕಹಿ ಔಷಧಿ ಕುಡಿಸೋ ಮುಂಚೆ ಮಕ್ಕಳ ಕೈಗೆ ಸಕ್ಕರೆ ಕೊಡ್ತಾರಲ್ಲ, ಹಾಗಿದೆ ಕಣೆ ಇದು,” ಅಂದರು ಅಕ್ಕ.

“ಹಾಗಾದ್ರೆ ಮುಟ್ಟೋದೇ ಬೇಡ ಬಿಡಿ.”

ಮರುದಿನ ನೋಡಿದರೆ ಕಪಾಟಿನಲ್ಲಿ ನಾಲ್ಕೇ ಪುಸ್ತಕ. ಐದನೆಯದು ಅಕ್ಕನ ಊಟದ ಡಬ್ಬಿಯ ಪಕ್ಕದಲ್ಲಿತ್ತು.

ಆಮೇಲೆ ಅದೇ ಹುಚ್ಚು, ಐದನ್ನೂ ಒಂದಾದ ಮೇಲೊಂದು ಓದಿದರು. ಬಸ್ಸಿನಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್. ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದ್ದೀಯ ಅಂತ ಮನೆಯಲ್ಲಿ ಗಂಡ ರೇಗಿಸಿದರಂತೆ. ಎರಡು ಸಲ ಗಾಜಿನ ಗೂಡಿಗೂ ಹೋಗಿಬಂದರು. ಮ್ಯಾನೇಜರ್ ನಗುನಗುತ್ತಾ ಯಾವುದೋ ಪುಟ ತೋರಿಸುತ್ತಿದ್ದರು, ಅಕ್ಕ ತಲೆಯಾಡಿಸುತ್ತಿದ್ದರು. ನಾನೇ ಕಣ್ಣಾರೆ ಕಂಡೆ, ನನ್ನ ತಲೆಗೆ ಹುಳ ಹೊಕ್ಕಿತು.

ಅಷ್ಟರಲ್ಲಿ ಮೆಕ್ಯಾನಿಕ್ ಒಬ್ಬರು ಸುದ್ದಿ ತಂದಿದ್ದರು. ಫೋನ್ ಎತ್ತಲು ಮಾತಾಡುವ ಯಂತ್ರ ಬರುತ್ತದೆ, ನಮ್ಮ ದನಿ ಕೇಳಿಸಿಯೇ ಅದನ್ನು ತಯಾರು ಮಾಡುತ್ತಿದ್ದಾರೆ, ಐವರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುತ್ತಾರಂತೆ. ಯಾರನ್ನು ಅಂತ ನಾವು ನಾಲ್ವರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಅಕ್ಕ ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದೆವು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆ ಭಯದಲ್ಲಿ ನಾನು ಬಹಳ ಸಣ್ಣವಳಾದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಅಕ್ಕ, ಮ್ಯಾನೇಜರ್‌ಗೆ ಬೆಣ್ಣೆ ಹಚ್ತಿದ್ದೀರಂತೆ?”

“ಹೌದಾ?” ಅಂದರು. ಅಷ್ಟೇ. ಆ ದಿನವೆಲ್ಲ ನನ್ನ ಕಡೆ ತಿರುಗಲಿಲ್ಲ.

ಎರಡು ವಾರ ಕಳೆದು, ಬೆಳಿಗ್ಗೆ ಹನ್ನೊಂದಕ್ಕೆ ಐವರನ್ನೂ ಗಾಜಿನ ಗೂಡಿಗೆ ಕರೆದರು. ಹತ್ತು ನಿಮಿಷದ ಕೆಲಸ ಅಂತ ಫೋನಿನ ಹತ್ತಿರ ಯಾರನ್ನೂ ಕೂರಿಸಿರಲಿಲ್ಲ. ಮೇಜಿನ ಮೇಲೆ ಐದು ಲಕೋಟೆ. ನಾಲ್ಕಲ್ಲ, ಐದು. ನಾನು ಎರಡೆರಡು ಸಲ ಎಣಿಸಿದೆ. ನಾಚಿಕೆಯಿಂದ ಅಕ್ಕನ ಮುಖ ನೋಡಲಾಗಲಿಲ್ಲ.

ಮುಂದಿನ ತಿಂಗಳಿಂದ ಕರೆಗಳನ್ನು ಯಂತ್ರವೇ ನೋಡಿಕೊಳ್ಳುತ್ತದೆ, ನಮ್ಮ ಐವರ ಕೆಲಸವೂ ಈ ತಿಂಗಳಿಗೆ ಮುಗಿಯಿತು ಅಂತ ಮ್ಯಾನೇಜರ್ ನಿಂತುಕೊಂಡೇ ಹೇಳಿದರು. ಆಮೇಲೆ ದನಿ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟರು.

“ಈ ಸುದ್ದಿ ನಿಮಗೆ ಎಷ್ಟು ಭಾರ ಅಂತ ನನಗೆ ಗೊತ್ತು. ಆ ಭಾರ ಇಳಿಸೋಕೆ ನನ್ನಿಂದ ಆಗದೇ ಇರಬಹುದು...”

“ಆದರೆ ಹೊರುವಾಗ ನಿಮ್ಮ ಪಕ್ಕ ನಿಲ್ತೀನಿ,” ಅಂತ ಅಕ್ಕ ಮುಗಿಸಿದರು.

ಮ್ಯಾನೇಜರ್ ಮುಖ ಕೆಂಪಾಯಿತು. ಅಕ್ಕ ಚೀಲದಿಂದ ಇನ್ನೊಬ್ಬರ ನೋವು ಅರಿಯುವ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

“ನೂರಾ ಹದಿನಾಲ್ಕನೇ ಪುಟ. ಗೆರೆ ಎಳೆದಿರೋದು ನೀವೇ ಸರ್, ನನಗೆ ತೋರಿಸಿದ್ದೂ ನೀವೇ. ಇದನ್ನ ಯಾರಿಗೋ ಹೇಳೋಕೆ ಬಾಯಿಪಾಠ ಮಾಡ್ತಿದ್ದೀರಿ ಅಂತ ಅವತ್ತೇ ಅನುಮಾನ ಬಂತು. ಮುಂದಿನ ಪುಟ ಓದಿದ್ದೀರಾ?”

“ಓದಿದ್ದೀನಿ ಮೇಡಂ.”

“ಹೌದಾ?”

ಮ್ಯಾನೇಜರ್ ಪುಸ್ತಕ ಎಳೆದುಕೊಂಡು ಆ ಪುಟ ಹುಡುಕತೊಡಗಿದರು.

“ಕೆಟ್ಟ ಸುದ್ದಿ ಹೇಳಿದವರು ಎದ್ದು ಹೋಗಬಾರದು, ಎದುರಿನವರ ಮಾತು ಮುಗಿಯೋವರೆಗೂ ಕೂತು ಕೇಳಬೇಕು. ಕೇಳಿದ ಮೇಲೆ, ಮಾಡಿದ ತೀರ್ಮಾನ ಸರಿನಾ ಅಂತ ಇನ್ನೊಂದು ಸಲ ನೋಡಬೇಕು. ಹಾಗಂತ ಇದೆ. ನಾವು ಐದು ಜನ ಇದ್ದೀವಿ. ಕೂತ್ಕೊಳ್ಳಿ ಸರ್.”

ಮ್ಯಾನೇಜರ್ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು. ಕೂತರು.

ಅಕ್ಕ ತಮ್ಮ ಮೊದಲ ಕರೆಯಿಂದ ಶುರುಮಾಡಿದರು. ಮೂರು ಮಾತು ಆಡಿರಲಿಲ್ಲ, ಹೊರಗೆ ಫೋನ್ ಹೊಡೆದುಕೊಂಡಿತು. ಅಕ್ಕ ಎದ್ದರು.

“ಯಾರೋ ಸಿಕ್ಕಿಹಾಕ್ಕೊಂಡಿದ್ದಾರೆ. ನಾನು ಬರೋವರೆಗೆ ಇವಳು ಹೇಳ್ತಾಳೆ,” ಅಂತ ನನ್ನ ಭುಜ ಮುಟ್ಟಿದರು. ಬಾಗಿಲ ಹತ್ತಿರ ತಿರುಗಿ, “ನೀವು ಏಳಬೇಡಿ ಸರ್,” ಅಂದರು.

ಆ ಕೈ ಭುಜ ಮುಟ್ಟಿದ್ದಕ್ಕೇ ನನಗೆ ಅಳು ಬಂತು. ನಾನೂ ನನ್ನ ಮೊದಲ ಕರೆಯಿಂದ ಹೇಳತೊಡಗಿದೆ. ಹೊರಗಿನಿಂದ ಅಕ್ಕನ “ಹೌದಾ?” ಕೇಳಿಸುತ್ತಿತ್ತು. ಮ್ಯಾನೇಜರ್ ಇನ್ನೂ ಹಂಚದ ಲಕೋಟೆಗಳ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು.