ಒಡವೆಯಣ್ಣ ಬರೆದ ಲಕ್ಷ್ಮಿ

ಹೋದ ತಿಂಗಳು ತೀರಿಕೊಂಡ ನನ್ನ ಗೆಳೆಯನನ್ನು ಎಲ್ಲರೂ ಒಡವೆಯಣ್ಣ ಎನ್ನುತ್ತಿದ್ದರು. ಅವನ ಮೈಮೇಲೆ ಒಂದು ಉಂಗುರವೂ ಇರಲಿಲ್ಲ. ನಮ್ಮ ಪಟದ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ದೇವರ ಚಿತ್ರವನ್ನು ಒಬ್ಬನೇ ಬರೆಯುವ ಪದ್ಧತಿ ಇರಲಿಲ್ಲ. ಒಡವೆ ಅವನ ಪಾಲು, ಮುಖ ನನ್ನ ಪಾಲು. ಕಿರೀಟ, ನತ್ತು, ಸರ ಎಲ್ಲ ಮುಗಿಸಿ, ನಡುವೆ ಮುಖದಷ್ಟು ಜಾಗ ಖಾಲಿ ಬಿಟ್ಟು ನನ್ನ ಕಡೆ ತಳ್ಳುತ್ತಿದ್ದ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಅಷ್ಟೊಂದು ಒಡವೆ ಹಾಕಿಸ್ಕೊಂಡವರೇ ನನ್ನ ಹತ್ರ ನಿಲ್ಲಲಿಲ್ಲ, ಬರಿಗೈಲಿ ಕರೆದ್ರೆ ಯಾರು ಬರ್ತಾರೆ?" ಎನ್ನುತ್ತಿದ್ದ.

ಅಚ್ಚಿನ ಪಟಗಳು ಬಂದು ಅಂಗಡಿ ಮುಚ್ಚುವ ಹೊತ್ತಿಗೆ, ಪಾತ್ರೆ ವ್ಯಾಪಾರಿಯೊಬ್ಬರು ಹೊಸ ಮನೆಗೆಂದು ಲಕ್ಷ್ಮಿಯ ಪಟ ಕೇಳಿದರು.

"ಇದನ್ನ ನಾನೊಬ್ಬನೇ ಬರೀತೀನಿ. ಮುಖಾನೂ ನಂದೇ," ಎಂದ ಒಡವೆಯಣ್ಣ. ಒಂದಾದರೂ ದೇವರ ಮುಖ ತನ್ನ ಕೈಯಿಂದ ಬರಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂದು ನನಗೆ ಗೊತ್ತಾದದ್ದು ಅಂದೇ.

ಬರೆದು ಮುಗಿಸಿದ್ದು ಎದೆಯವರೆಗಷ್ಟೇ ಕಾಣುವ ಪಟ. ಶಾಂತವಾದ, ತುಸು ದಣಿದ ಮುಖ. ಮೈಮೇಲೆ ಒಂದು ಮಣಿಯೂ ಇಲ್ಲ.

"ಕಿರೀಟ ಎಲ್ಲಯ್ಯಾ?" ಎಂದರು ವ್ಯಾಪಾರಿ.

"ಮನೇಲಿದ್ದಾಳೆ ಸ್ವಾಮಿ. ಮನೇಲಿ ಯಾರಾದ್ರೂ ಕಿರೀಟ ಹಾಕ್ಕೊಂಡು ಕೂರ್ತಾರಾ?"

"ಯಾರದೋ ಮನೆ ಹೆಣ್ಮಗಳ ಥರ ಇದಾಳೆ. ಇವಳಿಗೆ ಕೈ ಮುಗಿಯೋದು ಹೇಗೆ?"

ಅವರು ಪಟ ಬಿಟ್ಟು ಹೋದರು. "ನಿನಗೆ ಒಂದು ಮಧ್ಯಾಹ್ನದ ಕೆಲಸ, ಒಡವೆ ಹಾಕಿಬಿಡೋ," ಎಂದೆ.

"ಹಾಕಿದ್ರೆ ಅದನ್ನೇ ನೋಡ್ತಾರೆ ಕಣೋ. ಮುಖ ಯಾರು ನೋಡ್ತಾರೆ?"

ಪಟವನ್ನು ತನ್ನ ಬಾಡಿಗೆ ಕೋಣೆಗೆ ಒಯ್ದು ಮಂಚದ ಎದುರಿಗೆ ತೂಗುಹಾಕಿದ. ನಾನು ಹೋದಾಗಲೆಲ್ಲ ಒಂದೇ ಕುರ್ಚಿ, ಒಂದೇ ಲೋಟ, ಗೋಡೆಯ ಮೇಲೆ ಅವಳು. ಮಾತು ಬೇಗ ಮುಗಿಯುತ್ತಿತ್ತು. ಎದ್ದರೆ, "ಇನ್ನೂ ಸ್ವಲ್ಪ ಹೊತ್ತು ಕೂರೋ," ಎನ್ನುತ್ತಿದ್ದ.

ಅವನು ಹೋದ ಮೇಲೆ ಕೋಣೆ ಖಾಲಿ ಮಾಡಲು ಅವನ ತಂಗಿಯ ಮಗಳು ಬಂದಳು. ಬಟ್ಟೆಬರೆ ಗಂಟು ಕಟ್ಟಿ, ಪಟದ ಮುಂದೆ ನಿಂತುಬಿಟ್ಟಳು.

"ಇವರು ಯಾರು ಚಿಕ್ಕಪ್ಪ? ಮಾವ ಬಾಯಿ ಬಿಡಲೇ ಇಲ್ವಲ್ಲ."

"ಲಕ್ಷ್ಮೀದೇವಿ ಕಣಮ್ಮ."

"ಸುಮ್ನಿರಿ. ಇಂಥ ಮುಖ ಎದುರಿಗಿಲ್ದೆ ಬರೆಯೋಕಾಗುತ್ತಾ?" ಕಣ್ಣೊರೆಸಿಕೊಂಡಳು. "ಅತ್ತೆ ಅಂತ ಒಬ್ರು ಇದ್ರು ಅನ್ಕೋತೀನಿ. ಪಾಪ, ಮಾವ ಒಂಟಿಯಾಗಿರಲಿಲ್ಲ."

"ದೇವರ ಮನೇಲಿ ಹಾಕಮ್ಮ," ಎಂದೆ.

"ಮನುಷ್ಯರ ಪಟಾನ ಅಲ್ಲಿ ಹಾಕ್ತಾರಾ?"

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವಳು ಅಷ್ಟರಲ್ಲಿ ಪಟಕ್ಕೆ ತನ್ನ ಸೆರಗನ್ನೇ ಅಡ್ಡ ಹಿಡಿದು, ಅಂಚು ಗೋಡೆಗೆ ತಾಗದಂತೆ, ಮೆಲ್ಲಗೆ ಮೆಟ್ಟಿಲಿಳಿಯುತ್ತಿದ್ದಳು.