ಮೂವತ್ತನಾಲ್ಕು ಇಂಚಿನ ಸುಳ್ಳು

ಗಂಡಸಿನ ಪ್ಯಾಂಟು ಅವನ ಹೊಟ್ಟೆಯ ವಿಷಯದಲ್ಲಿ ಎಷ್ಟು ಸೊಗಸಾಗಿ ಸುಳ್ಳು ಹೇಳುತ್ತದೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಮದುವೆಯ ವರ್ಷ ನನ್ನ ಅಳತೆ ಮೂವತ್ತನಾಲ್ಕು. ಇಪ್ಪತ್ತೈದು ವರ್ಷ ಕಳೆದು, ಎರಡು ಸಾವಿರದ ಇಸವಿ ದಾಟಿದ ಮೇಲೂ, ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ನಾನು ಹೆಮ್ಮೆಯಿಂದ ಕೇಳುತ್ತಿದ್ದುದು ಮೂವತ್ತನಾಲ್ಕನ್ನೇ. ಉದರ ಉದಾರವಾಗುತ್ತ ಬಂದಂತೆ ಬೆಲ್ಟು ವಿನಯದಿಂದ ಕೆಳಗೆ ಸರಿದು ಅದಕ್ಕೆ ಜಾಗ ಬಿಟ್ಟುಕೊಟ್ಟಿತ್ತು, ಅಷ್ಟೆ.

ನಮ್ಮ ಮನೆಯಲ್ಲಿ ದಪ್ಪ ಎಂಬ ಬಿರುದು ನನ್ನ ಹೆಂಡತಿ ಶಾರದೆಗೆ ಮೀಸಲಾಗಿತ್ತು. ಕಾಫಿ ಕುಯ್ಲು ಮುಗಿದ ದಿನ ಮೂಟೆ ತೂಗುವ ಯಂತ್ರದ ಮೇಲೆ ಮನೆಮಂದಿಯನ್ನೆಲ್ಲ ಹತ್ತಿಸಿ ನಗುವುದು ನಮ್ಮ ತೋಟದ ವಾಡಿಕೆ. ಅವಳು ನನಗಿಂತ ಐದಾರು ಕಿಲೋ ಹೆಚ್ಚು ತೂಗುತ್ತಿದ್ದಳು. "ಒಂದೂವರೆ ಮೂಟೆ ಚೆರ್ರಿ ಕಾಫಿ!" ಎಂದು ನಾನು ಕಣಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದೆ. ಅವಳ ಮೈಯೆಲ್ಲ ಸೊಂಟದ ಕೆಳಗೆ, ತೊಡೆಗಳಲ್ಲಿ. ನೆಂಟರೆಲ್ಲ ಅವಳಿಗೆ ಜೇನುನೀರು, ಹುರುಳಿಕಟ್ಟು ಎಂದು ಉಪದೇಶಿಸುವವರೇ. ಪಾಪ, ಸಂಜೆಯಾದರೆ ಕಣದ ಸುತ್ತ ನಡೆಯುತ್ತಿದ್ದಳು; ಎರಡನೆಯ ಅಕ್ಕಿರೊಟ್ಟಿ ಬಿಡುತ್ತಿದ್ದಳು. ಅದನ್ನೂ ನಾನೇ ತಿನ್ನುತ್ತಿದ್ದೆ.

ಮೂಡಿಗೆರೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ ಇದೆಯೆಂದಾಗ ಅವಳಿಗೇನಾದರೂ ಆಗಿಬಿಟ್ಟರೆ ಎಂಬ ಹೆದರಿಕೆಯಿಂದ ಜೀಪಿನಲ್ಲಿ ಕರೆದೊಯ್ದೆ. ಜೊತೆಗಿರಲಿ ಎಂದು ನನ್ನ ರಕ್ತವನ್ನೂ ಕೊಟ್ಟೆ. ನರ್ಸಮ್ಮ ಸೊಂಟ ಅಳೆಯಲು ಟೇಪು ಹಿಡಿದು ಶಾರದೆಯ ಬಳಿ ಬಂದಾಗ ನನ್ನ ಬಾಯಿ ಸುಮ್ಮನಿರಬೇಡವೇ?

"ಒಂದು ಟೇಪು ಸಾಲಲ್ಲ ಮಾರಾಯ್ರೆ, ಇನ್ನೊಂದು ತನ್ನಿ!"

ಎಲ್ಲರೂ ನಕ್ಕರು. ಶಾರದೆ ಎತ್ತಿದ್ದ ಕೈಗಳನ್ನು ಇಳಿಸಿ, "ನಂಗೆ ಬ್ಯಾಡ" ಎಂದು ದೂರ ಸರಿದಳು. ನರ್ಸಮ್ಮ ನನ್ನತ್ತ ತಿರುಗಿದರು. ಮೂವತ್ತನಾಲ್ಕು ಎಂದೆ. ಅವರು ಬೆಲ್ಟನ್ನು ಲೆಕ್ಕಿಸದೆ ಹೊಕ್ಕುಳ ಮೇಲೆ ಟೇಪು ಸುತ್ತಿ ನಲವತ್ತೆರಡು ಎಂದರು.

ಅದು ಬರೀ ಮುನ್ನುಡಿ. ಶಾರದೆಯ ಸಕ್ಕರೆ ಸರಿಯಾಗಿತ್ತು. ನನ್ನದು ಮುನ್ನೂರರ ಹತ್ತಿರ. ಚೀಟಿ ಅದಲುಬದಲಾಗಿದೆ ಎಂದು ನಾನು ವಾದಿಸಿದೆ, ನಾಚಿಕೆಯಿಲ್ಲದೆ.

ಡಾಕ್ಟರಮ್ಮ ಸಾವಧಾನವಾಗಿ ವಿವರಿಸಿದರು. ಕೊಬ್ಬು ಎಷ್ಟಿದೆ ಎನ್ನುವುದರಷ್ಟೇ ಅದು ಎಲ್ಲಿದೆ ಎನ್ನುವುದೂ ಮುಖ್ಯವಂತೆ. ಹೆಂಗಸರ ತೊಡೆ, ನಿತಂಬಗಳ ಚರ್ಮದಡಿಯ ಕೊಬ್ಬು ಹೆಚ್ಚುಮಟ್ಟಿಗೆ ಸಾಧುಪ್ರಾಣಿ. ಗಂಡಸರಲ್ಲಿ ಅದು ಹೊಟ್ಟೆಯೊಳಗೆ, ಕರುಳು ಯಕೃತ್ತುಗಳ ನಡುವೆ ಸೇರಿ, ಹೊಗೆಯೂ ಕಾಣದ ಹಾಗೆ ಉರಿಯುತ್ತಿರುತ್ತದಂತೆ. ಆ ಉರಿಯೂತದಿಂದ ಸಕ್ಕರೆ, ಹೃದಯ, ಎಲ್ಲಕ್ಕೂ ಕೇಡು. ನಾನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ ಸುಖದ ಹೊಟ್ಟೆಯೊಳಗೆ ಬೆಂಕಿ! "ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬೂ ಹೊಟ್ಟೆಗೇ ಬರೋದು. ಆಗ ಅವರಿಗಿರೋ ರಕ್ಷಣೆನೂ ಕಮ್ಮಿ ಆಗುತ್ತೆ," ಎಂದೂ ಅವರು ಹೇಳಿದರು. ನನ್ನ ಮುನ್ನೂರರ ಗದ್ದಲದಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ವಾಪಸ್ಸು ಹೊರಟು ಬಸ್ ಸ್ಟ್ಯಾಂಡು ದಾಟಿದೆವು. ನನ್ನನ್ನು ಗೇಲಿ ಮಾಡುವ ಸಂಪೂರ್ಣ ಹಕ್ಕು ಅವಳಿಗಿತ್ತು. ನಾನೂ ಅದಕ್ಕೆ ಸಿದ್ಧನಾಗಿದ್ದೆ. ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು:

"ನಂದು ನಿಂತು ಒಂದು ವರ್ಷ ಆಯ್ತು. ಲಂಗದ ಲಾಡಿ ತಿಂಗಳು ತಿಂಗಳೂ ಗಿಡ್ಡ ಆಗ್ತಾ ಇದೆ. ಹೊಟ್ಟೆ ಬರ್ತಿದೆ ಅಂತ ಗೊತ್ತಾಗ್ತಿತ್ತು. ಹೇಳಿದ್ರೆ ನೀವು ಮತ್ತೆ ಎಲ್ಲರ ಎದುರಿಗೆ ನಗ್ತೀರಲ್ಲ ಅಂತ ಸುಮ್ಮನಿದ್ದೆ."

ಮುನ್ನೂರು ಎಂದಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಒಂದು ವರ್ಷ! ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡುಕೊಂಡು, ನನ್ನ ಹಾಸ್ಯಕ್ಕೆ ಹೆದರಿ ಅವಳು ತನ್ನ ಮೈಯ ಸುದ್ದಿಯನ್ನೇ ಬಚ್ಚಿಟ್ಟಿದ್ದಳು. ಜೀಪು ನಿಲ್ಲಿಸಿ, ಅಲ್ಲೇ ಹಿಂದಕ್ಕೆ ತಿರುಗಿಸಿದೆ.

"ಏನು ಮರೆತ್ರಿ?" ಎಂದಳು.

"ಏನೂ ಇಲ್ಲ. ನಿನ್ನ ಅಳತೆ ತೆಗೆಸೋಣ" ಎಂದೆ.

ನಾನು ನಗುತ್ತಿದ್ದೇನೆಯೇ ಎಂದು ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.